ಪೆನ್ಸಿಲ್ ಗೆರೆಯ ಬೀಗದ ಕೈ

ಭಾನುವಾರ, ಸಂಜೆ ನಾಲ್ಕೂವರೆ. ಹಿಂದೆ ಉಪ್ಪಲ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ರಾಯಚೂರಿನ ಅಕ್ಕ ನೆನಪಾದರು.

ನನ್ನ ಹಳೆಯ ಕಂಪ್ಯೂಟರಿನ ಪ್ರೊಸೆಸರ್ ವೇಗಕ್ಕೆ ತಯಾರಕರೇ ಬೀಗ ಹಾಕಿದ್ದರು. ಪ್ರೊಸೆಸರಿನ ಮೇಲಿನ, ವಿದ್ಯುತ್ ಹರಿಯುವ ತುಂಡಾದ ಗೆರೆಗಳನ್ನು ಪೆನ್ಸಿಲ್ಲಿನಿಂದ ಕೂಡಿಸಿದರೆ ಆ ಬೀಗ ತೆರೆಯುತ್ತಿತ್ತು. ಪೆನ್ಸಿಲ್ ಪಕ್ಕದ ಗೆರೆಗೆ ತಾಗಿದರೆ ಪ್ರೊಸೆಸರೇ ಸುಟ್ಟುಹೋಗಬಹುದಿತ್ತು. ಅಂಥ ಇನ್ನೊಂದು ಕೋಠಿಯ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತಿರಲಿಲ್ಲ. ಅಕ್ಕ ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು.

“ಸುಟ್ಟರೆ, ಅಕ್ಕಾ?”

“ಹಪ್ಪಳ ಅಂತ ತಿನ್ನೂಣು. ಅವಸರ ಮಾಡಬ್ಯಾಡವ್ವಾ.” ಅವಸರ ಬೇಡ ಅನ್ನುವುದು ಎಲ್ಲದಕ್ಕೂ ಅವರ ಮಾತು. ಉಸಿರು ಬಿಗಿಹಿಡಿದು, ಮಗುವಿಗೆ ಕಾಡಿಗೆ ತೀಡುವಂತೆ ಗೆರೆ ಎಳೆದರು.

ಕಂಪ್ಯೂಟರ್ ಹಿಂದೆಂದೂ ಇಲ್ಲದ ವೇಗದಲ್ಲಿ ಓಡಿತು. ದೂರದ ರೈಲಿನಂಥ ಫ್ಯಾನಿನ ಸದ್ದನ್ನು ಕತ್ತಲಾಗುವವರೆಗೆ ಇಬ್ಬರೂ ಕೇಳುತ್ತ ಕೂತೆವು. ಆಮೇಲೆ ಅಕ್ಕ ಪ್ರೊಸೆಸರ್ ಬಿಚ್ಚಿ, ರಬ್ಬರಿನಿಂದ ಗೆರೆ ಅಳಿಸಿಬಿಟ್ಟರು.

“ಓಡತೈತಿ ಅಂತ ಗೊತ್ತಾತಲ್ಲ. ಇನ್ನ ನಿಧಾನಕ ಭಾಳ ದಿನ ಬಾಳಲಿ.”

ಅವರೀಗ ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಇದನ್ನು ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ.