ಊರಿನ ಮಹಾಕಳ್ಳಿ ಹೆಡ್ವಿಗ್ ಕ್ಲಿಮೆಕ್

“ಅಮ್ಮಾ, ಮಿಸೆಸ್ ಕ್ಲಿಮೆಕ್ ಏನೇನು ಕದ್ದಿದಾರೆ?”

ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಟ್ರೀನಾ ಕೇಳಿದಳು. ಈಗಷ್ಟೇ ಓದಲು ಕಲಿತಿರುವ ಮಗು, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾಳೆ. ನಮ್ಮೂರ ಪತ್ರಿಕೆ ದಪ್ಪ ಅಕ್ಷರದಲ್ಲಿ ಹಾಕಿತ್ತು: ‘ಊರಿನ ಮಹಾಕಳ್ಳಿಗೆ ಶನಿವಾರ ಸನ್ಮಾನ’. ಕೆಳಗೆ ಪಕ್ಕದ ಮನೆಯ ಹೆಡ್ವಿಗ್ ಕ್ಲಿಮೆಕ್ ಹಲ್ಲು ಬಿಟ್ಟು ನಗುತ್ತಿರುವ ಚಿತ್ರ. ನಾನು ಕೆಲಸಕ್ಕೆ ಹೋದಾಗ ಟ್ರೀನಾಳನ್ನು ನೋಡಿಕೊಳ್ಳುವವರು ಅವರೇ. ನಾನು ನಕ್ಕು ಸುಧಾರಿಸಿಕೊಳ್ಳುವಷ್ಟರಲ್ಲಿ ಇವಳು ತನ್ನ ರೋಲರ್ ಸ್ಕೇಟ್ಸನ್ನು ಮಂಚದಡಿ ಬಚ್ಚಿಟ್ಟು ಬಂದಿದ್ದಳು.

ನಾನು ವಿವರಿಸುವುದಕ್ಕಿಂತ ಕಳ್ಳಿಯ ಬಾಯಲ್ಲೇ ಕೇಳಲಿ ಎಂದು ಅವರ ಮನೆಗೇ ಕರೆದುಕೊಂಡು ಹೋದೆ.

“ಕದ್ದಿದ್ದನ್ನ ವಾಪಸ್ ಕೊಟ್ರಾ, ಮಿಸೆಸ್ ಕ್ಲಿಮೆಕ್?”

“ಹೇಗೆ ಕೊಡ್ಲಿ ಪುಟ್ಟಿ? ನಾನು ಕದ್ದಿದ್ದು ಬೇಸ್‌ಬಾಲ್ ಆಟದ ಬೇಸ್. ಅದನ್ನ ನೆಲಕ್ಕೆ ಬಿಗಿದಿರ್ತಾರೆ.”

“ಪೊಲೀಸ್ರು ಹಿಡೀಲಿಲ್ವಾ?”

“ಮುಂದಿನ ಸಾಲಲ್ಲೇ ಕೂತಿದ್ರು. ಜೋರಾಗಿ ಶಿಳ್ಳೆ ಹೊಡೀತಿದ್ರು!”

ಚೆಂಡೆಸೆಯುವವರ ಕಣ್ಣು ತಪ್ಪಿಸಿ, ನಿಂತ ಬೇಸಿನಿಂದ ಮುಂದಿನ ಬೇಸಿಗೆ ಓಡಿಬಿಡುವುದೇ ಆ ಆಟದ ಕಳ್ಳತನ. ಆಮೇಲೆ ಮಾತು ಸಾಲದೆಂದು ಹೆಡ್ವಿಗ್ ತೋರಿಸಿಯೇಬಿಟ್ಟರು. ಫ್ರಿಜ್ಜು ಮೊದಲ ಬೇಸ್, ಒಲೆ ಎರಡನೆಯದು. ಟ್ರೀನಾ ಚೆಂಡೆಸೆಯುವವಳು. ಚೆಂಡು ಅವಳ ಕೈಬಿಡುವ ಮೊದಲೇ ಇವರು ಫ್ರಿಜ್ಜು ಬಿಟ್ಟು ಹಾರಿದರು. ಕಾಲುಚೀಲದಲ್ಲಿ ಸರ್ರನೆ ಜಾರಿ ಒಲೆಗೆ ತಾಗಿ ನಿಂತಾಗ ಮೇಲಿದ್ದ, ರುಬಾರ್ಬ್ ಎಂಬ ಹುಳಿ ದಂಟಿನ ಪೈ ದಢಕ್ಕನೆ ಕೆಳಗೆ ಬಿತ್ತು. ಮೂವರೂ ನೆಲದಲ್ಲೇ ಕೂತು, ಮೇಲ್ಮೇಲಿನದನ್ನು ಚಮಚದಲ್ಲಿ ಎತ್ತಿಕೊಂಡು ತಿಂದೆವು. ಚೂರುಗಳನ್ನು ಒರೆಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ವಿಸ್ಕಾನ್ಸಿನ್ನಿನ ಹಸು ಸಾಕುವವರ ಮನೆಯಲ್ಲಿ ಕರುಗಳ ಹಿಂದೆ ಓಡುತ್ತ ಬೆಳೆದವರು ಹೆಡ್ವಿಗ್. ಗಂಡಸರು ಎರಡನೇ ಮಹಾಯುದ್ಧಕ್ಕೆ ಹೋಗಿ ಮೈದಾನಗಳು ಬಣಗುಟ್ಟುತ್ತಿದ್ದಾಗ ಹೆಣ್ಣುಮಕ್ಕಳ ಬೇಸ್‌ಬಾಲ್ ತಂಡಗಳು ಹುಟ್ಟಿಕೊಂಡವು. ಇವರು ನಮ್ಮೂರಿನ ಲಾರ್ಕ್ಸ್ ತಂಡ ಸೇರಿದರು. ಲಿಪ್‌ಸ್ಟಿಕ್ ಹಚ್ಚಬೇಕು, ಗಿಡ್ಡ ಲಂಗದಲ್ಲೇ ಆಡಬೇಕು ಎಂಬುದು ಅಲ್ಲಿನ ನಿಯಮ. ಆ ಲಂಗದಲ್ಲಿ ಮಣ್ಣಿನ ಮೇಲೆ ಜಾರಿದರೆ ತೊಡೆಯ ಚರ್ಮ ಕಿತ್ತುಬರುತ್ತಿತ್ತು. ಆ ಕೆಂಪು ಗಾಯವನ್ನು ಆಟಗಾರ್ತಿಯರು ‘ಸ್ಟ್ರಾಬೆರಿ’ ಎನ್ನುತ್ತಿದ್ದರಂತೆ. “ಚರ್ಚಿನಲ್ಲಿ ಕೂರೋಕಾಗ್ದೆ ನಿಂತೇ ಇರ್ತಿದ್ದೆ, ಜೋಲೀನ್. ಭಕ್ತಿ ಅಂದ್ಕೊಂಡು ಪಾದ್ರಿಗೆ ಸಂತೋಷವೋ ಸಂತೋಷ!” ಎಂದು ನನಗೆ ಹೇಳಿ ನಗುತ್ತಿದ್ದರು. ತಂಡ ಮುಚ್ಚಿದ ಮೇಲೆ ನಿವೃತ್ತಿಯವರೆಗೂ ಶಾಲೆಯ ಬಸ್ಸು ಓಡಿಸಿದರು. ಇಷ್ಟು ವರ್ಷದಲ್ಲಿ ಊರು ಅವರನ್ನು ಮೈದಾನಕ್ಕೆ ಕರೆಯುತ್ತಿರುವುದು ಇದೇ ಮೊದಲು.

ಪೈ ಮುಗಿಯುವ ಹೊತ್ತಿಗೆ ಸನ್ಮಾನ ಸಮಿತಿಯ ಮಿಸ್ಟರ್ ಲೋಥ್ ಬಂದರು.

“ಹೆಡ್ವಿಗ್, ನಿಮ್ಗೊಂದು ಒಳ್ಳೆ ಮೆತ್ತನೆ ಕುರ್ಚಿ ಹಾಕಿಸ್ತೀವಿ, ಮೊದಲನೇ ಬೇಸ್ ಹತ್ರ. ಬ್ಯಾಂಡ್ ಬಾರಿಸಿದಾಗ ಎದ್ದು ನಿಂತು ಕೈ ಬೀಸಿದ್ರೆ ಸಾಕು.”

“ಕುರ್ಚಿನಾ? ಅಲ್ಲಿಂದ ಎರಡನೇ ಬೇಸ್‌ಗೆ ಓಡ್ತೀನಿ ಅಂತ ನಾನು ಹೇಳಿದ್ನಲ್ಲ.”

“ಅಯ್ಯೋ, ಬಿದ್ದುಗಿದ್ದೀರಾ!”

“ಬಸ್ಸಲ್ಲಿ ದಿನಾ ಬೀಳ್ತಿದ್ದವನು ನೀನು ಕಣೋ. ನಿನ್ನ ಮೂಗು ಒರೆಸಿ ಒರೆಸಿ ನನ್ನ ಕರ್ಚೀಫೆಲ್ಲ ಹಾಳಾಯ್ತು.”

ಲೋಥ್ ಕೆಂಪಾದರು, ಪಟ್ಟು ಮಾತ್ರ ಬಿಡಲಿಲ್ಲ. ಹೆಡ್ವಿಗ್ ಪಕ್ಕದಲ್ಲಿ ನಿಂತು ತೋಳು ಹಿಡಿದುಕೊಳ್ಳುವ ಕೆಲಸ ನನಗೆ ಒಪ್ಪಿಸಿ ಹೊರಟರು. ಬಾಗಿಲು ಮುಚ್ಚಿದ ಮೇಲೆ ಹೆಡ್ವಿಗ್ ಚಮಚಗಳನ್ನು ಸಿಂಕಿಗೆ ಹಾಕಿದರು. “ಕೂರಿಸಿ ಸನ್ಮಾನ ಮಾಡೋಕೆ ನಾನು ಕೂತು ಆಡಿದ್ನಾ?” ಎಂದರು. ಆ ಧ್ವನಿಯಲ್ಲಿ ನಗು ಇರಲಿಲ್ಲ.

ಸಂಜೆ ಅವರ ಹಳೆಯ ಆಟದ ಲಂಗದ ಸೊಂಟ ಸಡಿಲಿಸಲು ಕೂತೆ. ತೊಡೆ ತರಚಬಾರದೆಂದು ಒಳಗೆ ದಪ್ಪ ಬಟ್ಟೆಯ ಚಡ್ಡಿಯೊಂದನ್ನೂ ಸೇರಿಸಿದೆ.

“ಓಡೋದಕ್ಕೆ ಡಾಕ್ಟ್ರು ಏನಂದ್ರು?” ಎಂದೆ.

“ಮಂಡಿ ಗಟ್ಟಿ ಇದೆ, ಬುದ್ಧಿ ಬಗ್ಗೆ ಗ್ಯಾರಂಟಿ ಇಲ್ಲ ಅಂದ್ರು.”

ಅವರು ಉಟ್ಟು ನಿಂತಿದ್ದ ಲಂಗದ ಅಂಚಿಗೆ ಗುಂಡುಸೂಜಿ ಚುಚ್ಚುತ್ತ ನಾನು ಮಂಡಿಯೂರಿದ್ದೆ. ಬಾಯಿ ತುಂಬ ಸೂಜಿ, ನಗುವಂತಿಲ್ಲ, ಮಾತಾಡುವಂತಿಲ್ಲ. ಅದೇ ಸಮಯ ನೋಡಿ ಅವರು ಬಗ್ಗಿದರು. ಟ್ರೀನಾಗೆ ಕೇಳಿಸದ ಹಾಗೆ ಪಿಸುಗುಟ್ಟಿದರು:

“ಜೋಲೀನ್, ಒಂದು ಉಪಕಾರ ಮಾಡ್ತೀಯಾ? ಶನಿವಾರ ಬ್ಯಾಂಡ್ ಶುರುವಾದ ಕೂಡ್ಲೇ ನನ್ನ ತೋಳು ಬಿಟ್ಬಿಡು.”