ಗೆರೆಯಾಚೆಯ ಮೊದಲ ಮನೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ‘ಅನುಮಾನದಕ್ಕ’ ಎನ್ನುತ್ತಿದ್ದರು. ಬೀಗ ಹಾಕಿ ಅರ್ಧ ದಾರಿ ಬಂದವಳು ವಾಪಸು ಹೋಗಿ ಎಳೆದು ನೋಡುವ ಜಾತಿ. ಕೆಲಸವೂ ಅದಕ್ಕೆ ತಕ್ಕದ್ದೇ: ಗುಡ್ಡ ಜಾರಿದರೆ ಮಣ್ಣು ಎಲ್ಲಿಯವರೆಗೆ ಬಂದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು.

ಆ ಸಲದ ಮಳೆಗಾಲದಲ್ಲಿ ಊರಂಚಿನ ಗುಡ್ಡದ ನೆತ್ತಿಯಲ್ಲಿ ಬಿರುಕು ಬಿಟ್ಟಿತ್ತು. ಹಳೆಯ ಪದ್ಧತಿಯಲ್ಲಿ ಗುಡ್ಡವನ್ನು ಬಲೆಯ ಕಣ್ಣುಗಳಂತೆ ಭಾಗ ಮಾಡುತ್ತಿದ್ದರು. ಮಣ್ಣು ತುಸು ಕದಲಿದರೆ ಸರಿ. ಹರಿಯತೊಡಗಿತೋ, ಬಲೆ ಸಿಕ್ಕುಗಟ್ಟಿ ಲೆಕ್ಕವೇ ನಿಂತುಬಿಡುತ್ತಿತ್ತು. ಅದಕ್ಕೇ ಅವಳು ಹೊಸ ವಿಧಾನ ಹಿಡಿದಳು. ಮಣ್ಣನ್ನು ಸಾವಿರಾರು ಬಿಂದುಗಳಾಗಿಸಿ, ಹೆಜ್ಜೆಹೆಜ್ಜೆಗೂ ಬಲೆಯನ್ನು ಹೊಸದಾಗಿ ಹಾಸಿ, ಬಿಂದುಗಳನ್ನು ಅದರ ಮೇಲೆ ಹರಿಯಬಿಟ್ಟಳು. ಪರದೆಯ ಮೇಲೆ ಗುಡ್ಡ ಕಲಸಿದ ಹಿಟ್ಟಿನಂತೆ ಇಳಿದು ಬೀದಿಯ ನಡುವೆ ನಿಂತಿತು. ಅಲ್ಲಿಗೆ ಗೆರೆ ಎಳೆದಳು; ಅದರ ಒಳಗೆ ಬಿದ್ದವರು ಮನೆ ಖಾಲಿ ಮಾಡಬೇಕು. ಗೆರೆಯಾಚೆಯ ಮೊದಲ ಮನೆ ಒಡಹುಟ್ಟಿದ ಅಕ್ಕನದು. ಮುಂದಿನ ಕೋಣೆಯೇ ಹೊಲಿಗೆ ಅಂಗಡಿ.

“ನಮ್ಮನೆ ಒಳಗೋ ಹೊರಗೋ?” ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು.

“ಹೊರಗೆ. ಆದ್ರೂ ನಮ್ಮನೆಗೆ ಬಂದ್ಬಿಡು.”

“ನಿನ್ನ ಲೆಕ್ಕದ ಮೇಲೆ ನಿಂಗೇ ನಂಬಿಕೆ ಇಲ್ವಾ? ಪಕ್ಕದ ಮನೆಯೋರಿಗೆ ಏನಂತ ಹೇಳ್ಲಿ?”

ಆ ಮಾತು ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ನೀರು ಕುಡಿದ ಜೇಡಿಮಣ್ಣು ಕಲಕಿದ ಮೇಲೆ ಎಷ್ಟು ಬಲ ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಅವಳು ಪರೀಕ್ಷೆಗಳ ಸರಾಸರಿ ಹಾಕಿದ್ದಳು. ಈಗ ಎಲ್ಲಕ್ಕಿಂತ ದುರ್ಬಲ ಮಾದರಿಯ ಅಂಕಿ ಹಾಕಿದಳು. ಗೆರೆ ಅಕ್ಕನ ಮನೆಯನ್ನೂ ಅದರ ಹಿಂದಿನ ನಾಲ್ಕು ಮನೆಗಳನ್ನೂ ನುಂಗಿತು.

ಮೇಲಧಿಕಾರಿ ಕನ್ನಡಕ ತೆಗೆದರು. “ಅಲ್ಲಮ್ಮಾ, ಗೆರೆ ಸರಿದಿದ್ದು ಮಣ್ಣಿನಿಂದಲೋ ಅಕ್ಕನಿಂದಲೋ?”

“ಗೊತ್ತಿಲ್ಲ ಸಾರ್. ಅಂಕಿ ಸುಳ್ಳಲ್ಲ. ಆದ್ರೆ ಅಕ್ಕ ಅಲ್ಲಿ ಇಲ್ದಿದ್ರೆ ಅದನ್ನ ಹುಡುಕ್ತಿದ್ನೋ ಇಲ್ವೋ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು ಕಾಗದ ಎಳೆದುಕೊಂಡರು. “ಹುಡುಕಲೇಬೇಕಿತ್ತು,” ಎಂದು ಒಪ್ಪಿಗೆ ಕೊಟ್ಟರು.

ಮನೆಗಳು ಖಾಲಿಯಾದವು. ಮಳೆ ಮಾತ್ರ ಹಟ ಹಿಡಿದಂತೆ ನಿಂತು ಬಿಸಿಲು ಬಂತು. “ಗುಡ್ಡ ಬೀಳೋಕೆ ಮುಂಚೆ ನನ್ನ ವ್ಯಾಪಾರ ಬಿತ್ತು,” ಎಂದು ಗೆರೆಯೊಳಗಿನ ಅಂಗಡಿ ಮುಚ್ಚಬೇಕಾದ ಕ್ಷೌರಿಕ ಎಲ್ಲರ ಎದುರಿಗೇ ಅಂದ. ದಿನಕ್ಕೆರಡು ಸಲ ಅವಳು ಗುಡ್ಡದತ್ತ ಹೋಗಿ ನೋಡಿ ಬರುತ್ತಿದ್ದಳು. ಗುಡ್ಡ ಬೀಳದಿದ್ದರೆ ನಾನು ನಗೆಪಾಟಲು. ಹಾಗಾದರೆ ಬೀಳಲಿ ಅಂತ ಬಯಸುತ್ತಿದ್ದೇನೆಯೇ? ಆ ಯೋಚನೆಗೇ ಬೆಚ್ಚಿಬಿದ್ದಳು.

ಒಂದು ಮಧ್ಯಾಹ್ನ, ಹನಿ ಮಳೆಯೂ ಇಲ್ಲದೆ, ಗುಡ್ಡ ಇಳಿಯಿತು. ಮಣ್ಣು ಮೊದಲ ಗೆರೆಯನ್ನು ಲೆಕ್ಕಕ್ಕೇ ಇಡದೆ ದಾಟಿ, ಅಂಗಡಿಯ ಬಾಗಿಲು ಒಡೆದು, ಹೊಲಿಗೆ ಯಂತ್ರವನ್ನು ಹೊಟ್ಟೆಮಟ್ಟ ಹೂತು ನಿಂತಿತು. ಯಾರ ಕೂದಲೂ ಕೊಂಕಲಿಲ್ಲ.

ಕ್ಷೌರಿಕ ಬಂದು ಕೈಮುಗಿದ. ಅವಳು ಮುಖ ತಿರುಗಿಸಿದಳು. ಪರದೆಯ ಮೇಲಿನ ಆ ಮೊದಲ ಗೆರೆ, ‘ಹೊರಗೆ’ ಎಂದ ತನ್ನದೇ ದನಿ, ಎರಡೂ ಅವಳ ಬೆನ್ನು ಬಿಡಲಿಲ್ಲ.

ಅಲ್ಲಿಂದಾಚೆ ಅವಳು ಯಾರಿಗೂ ಒಂಟಿ ಗೆರೆ ಎಳೆದುಕೊಡಲಿಲ್ಲ. “ಇಲ್ಲಿಂದ ಇಲ್ಲಿವರೆಗೆ ಎಲ್ಲಾದ್ರೂ ನಿಲ್ಬಹುದು” ಎಂದಾಗ ಸಭೆಗಳಲ್ಲಿ ಗೊಣಗಾಟವೇಳುತ್ತಿತ್ತು, ಅವಳು ಜಗ್ಗುತ್ತಿರಲಿಲ್ಲ. ಅಕ್ಕ ಅವಳ ಮನೆಯ ಜಗುಲಿಯಲ್ಲೇ ಹೊಸ ಯಂತ್ರ ಹಾಕಿಕೊಂಡು ಹೊಲಿಯುತ್ತಾ, ತಂಗಿಗೆ ಇಷ್ಟವಿಲ್ಲದ ಹಾಡುಗಳನ್ನೇ ಗಟ್ಟಿಯಾಗಿ ಹಾಡುತ್ತಿದ್ದಳು.