ಮಂಕರಿಗೆ ಕೈ ಹಾಕುವ ಅಜ್ಜಿ

ಆಕೆಯ ಎಡಗೈ ತುಂಬ ಹಸಿರು ಗಾಜಿನ ಬಳೆ. ಬಲಗೈ ಮಾತ್ರ ಬೋಳು. ಮೊಣಕೈವರೆಗೂ ಸಗಣಿ ಮೆತ್ತಿ ಒಣಗಿ ಬಿರಿದಿರುತ್ತಿತ್ತು. ಗಂಡ ಬದುಕಿರುವ ಹೆಂಗಸು ಒಂದು ಕೈ ಬೋಳು ಬಿಡುವುದುಂಟೇ ಎಂದು ಯಾರಾದರೂ ಆಡಿಕೊಂಡರೆ, "ಬಳೆ ಚೂರು ಸಗಣೀಲಿ ಬಿದ್ರೆ ಆಮೇಲೆ ನಾನೇ ಗಾಜು ಬೆರೆಸ್ದೆ ಅಂತೀರ" ಎನ್ನುತ್ತಿದ್ದಳು. ನಮ್ಮ ಹಿತ್ತಲ ಪಕ್ಕದ ಮನೆಯ ಅಜ್ಜಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಯಗಟಿ ಕಡೆಯ ನಮ್ಮೂರಿನವರು ಸಂಘ ಕಟ್ಟಿಕೊಂಡು ಎಲ್ಲರಿಗೂ ಸೇರಿದ ಒಂದು ದೊಡ್ಡ ಗೋಬರ್ ಗ್ಯಾಸ್ ತೊಟ್ಟಿ ಮಾಡಿಸಿದ್ದರು. ಬೆಳಿಗ್ಗೆ ಪ್ರತಿ ಮನೆಯವರೂ ಬಿದಿರ ಮಂಕರಿಯಲ್ಲಿ ಸಗಣಿ ಹೊತ್ತು ತಂದು ಸುರಿಯಬೇಕು. ಅಡುಗೆ ಹೊತ್ತಿಗೆ ಪೈಪಿನಲ್ಲಿ ಗ್ಯಾಸ್ ಬರುತ್ತದೆ; ಮಿಕ್ಕ ಬಗ್ಗಡ ಹೊಲಗಳಿಗೆ. ಸೌದೆ ಒಲೆಯ ಹೊಗೆಗೆ ಕೆಮ್ಮಿ ಕೆಮ್ಮಿ ಸೋತಿದ್ದ ನಮ್ಮಮ್ಮ ಅದನ್ನೇ ನೆಚ್ಚಿಕೊಂಡಿದ್ದಳು.

ಅಜ್ಜಿಗೆ ಮಾತ್ರ ಯಾರ ಮೇಲೂ ನಂಬಿಕೆಯಿಲ್ಲ. ತೊಟ್ಟಿಯ ಉದ್ಘಾಟನೆಗೆ ಕಡೂರಿನಿಂದ ಬಂದಿದ್ದ ಆಫೀಸರ ಭಾಷಣ ಮುಗಿಯುವ ಮೊದಲೇ ಎದ್ದು ನಿಂತಳು.

"ಸ್ವಾಮಿ, ನೀವು ಜೀಪಲ್ಲಿ ಹೊಂಟೋಗ್ತೀರ. ಯಾರ್ ಮನೆ ಮಂಕ್ರೀಲಿ ಸಗಣಿ ಐತೆ, ಯಾರ್ ಮನೇದ್ರಲ್ಲಿ ಮಣ್ಣೈತೆ, ನೋಡೋರ್ ಯಾರು?"

"ನೀವೇ ನೋಡಿ ಅಜ್ಜಿ" ಎಂದು ಅವರು ನಗೆಯಾಡಿದರು. ಅಜ್ಜಿ ಅದನ್ನೇ ಸರ್ಕಾರದ ಆರ್ಡರ್ ಅಂದುಕೊಂಡಳು. ಮಾರನೆಯ ಬೆಳಿಗ್ಗೆಯಿಂದ ಆಕೆ ತೊಟ್ಟಿಯ ಬಾಯಲ್ಲಿ ಕೂತು ಕೈ ಹಾಕಿ ಕಲಕಿ ನೋಡದೆ ಒಂದು ಮಂಕರಿಯೂ ಒಳಗೆ ಬೀಳುತ್ತಿರಲಿಲ್ಲ.

ನನಗೆ ಆಕೆಯ ಮೇಲೇ ಅನುಮಾನ. ತೊಟ್ಟಿ ಇದ್ದದ್ದು ಸಂಘದ ಅಧ್ಯಕ್ಷರ ತೆಂಗಿನ ತೋಟದ ಪಕ್ಕ. ಬಗ್ಗಡವೆಲ್ಲ ಅವರ ಮರಗಳಿಗೇ ಹರಿಯುತ್ತಿದೆ, ಈ ಮುದುಕಿ ಅವರ ಕಡೆಯವಳು ಎಂದು ನಾನೂ ನನ್ನ ಗೆಳತಿಯರೂ ತೀರ್ಮಾನಿಸಿಬಿಟ್ಟಿದ್ದೆವು.

ಒಂದು ದಿನ ಅಮ್ಮನ ಮಂಕರಿಗೆ ಕೈ ಹಾಕಿದವಳು ಮುಷ್ಟಿ ಬಿಚ್ಚಿ ಎಲ್ಲರಿಗೂ ತೋರಿಸಿದಳು. ಬರೀ ಗರಸು ಮಣ್ಣು. ಅಮ್ಮ ಬೇಕೆಂದು ಹಾಕಿದ್ದಲ್ಲ. ಕೊಟ್ಟಿಗೆಯ ಮಣ್ಣು ನೆಲವನ್ನು ಪೊರಕೆಯಿಂದ ಗುಡಿಸಿ ತುಂಬುವುದು ನಮ್ಮ ಕಡೆಯ ರೂಢಿ. ತಿಪ್ಪೆಗೆ ಹಾಕುವಾಗ ಮಣ್ಣು ಬಂದರೆ ಯಾರು ಕೇಳುತ್ತಿದ್ದರು?

"ಸಗಣಿ ಬಾಚಿದ್ಯೋ, ನೆಲ ಕೆತ್ಕಂಡ್ ಬಂದ್ಯೋ? ತಗಂಡೋಗು."

ಸಗಣಿ ಹಾಕದ ಮನೆಗೆ ಅಂದು ಗ್ಯಾಸ್ ಇಲ್ಲ. ಅಮ್ಮ ಮತ್ತೆ ಸೌದೆ ಹಚ್ಚಿ, ಕೆಮ್ಮುತ್ತ ಮುದ್ದೆ ತಿರುವಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಅಂದಿನಿಂದ ಅಜ್ಜಿಯ ಜೊತೆ ಮಾತು ಬಿಟ್ಟಳು.

ವಾರವೂ ಕಳೆದಿರಲಿಲ್ಲ, ಅಧ್ಯಕ್ಷರ ಮನೆಯ ಮಂಕರಿಯೂ ವಾಪಸಾಯಿತು.

"ಏನಜ್ಜಿ, ನನ್ನನ್ನೂ ನಂಬಲ್ವಾ?" ಎಂದರು ಅವರು.

"ನನ್ನನ್ನೇ ನಂಬಲ್ಲ ಕಣಪ್ಪಾ. ನನ್ ಮಂಕ್ರಿಗೂ ಯಾರಾದ್ರೂ ಕೈ ಹಾಕ್ರೀ" ಎಂದು ತನ್ನ ಮಂಕರಿಯನ್ನು ಮುಂದಕ್ಕೆ ತಳ್ಳಿದಳು. ಯಾರೂ ಹಾಕಲಿಲ್ಲ. ಕೈ ಹೊಲಸಾಗುತ್ತದಲ್ಲ!

ಪಕ್ಕದೂರಿನಲ್ಲೂ ಇಂಥದೇ ತೊಟ್ಟಿಯಿತ್ತು. ಅಲ್ಲಿ ಎಲ್ಲರೂ ಬಹಳ ಒಳ್ಳೆಯವರು, ಯಾರೂ ಯಾರ ಮುಖ ಮುರಿಯಲಿಲ್ಲ. ತಳದಲ್ಲಿ ಮಣ್ಣು ಕೂತು ಗ್ಯಾಸ್ ನಿಂತೇಹೋಯಿತು. ನಮ್ಮದು ಉರಿಯುತ್ತಲೇ ಇತ್ತು. ಅಮ್ಮನ ಕೆಮ್ಮು ಇಳಿಯಿತು. ಆ ಅನುಮಾನದ ಮುದುಕಿಯ ಋಣ ನನ್ನ ಮೇಲಿದೆ, ತೀರಿಸಲು ಆಗಲಿಲ್ಲ.

ಆಕೆ ತೀರಿಕೊಂಡಾಗ ಮುತ್ತೈದೆಯೆಂದು ಎರಡೂ ಕೈಗೆ ಬಳೆ ತೊಡಿಸಿದರು. ಬಲಗೈ ಬೇರೆ ಯಾರದೋ ಅನ್ನಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ತೊಟ್ಟಿಯ ಹತ್ತಿರ ಎಲ್ಲರೂ ಮಂಕರಿ ಇಳಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

"ಇನ್ನೇನ್ ನೋಡೋದೈತೆ, ಸುರೀರಿ ಅತ್ಲಾಗೆ" ಎಂದರು ಅಧ್ಯಕ್ಷರು.

"ತಡೀರಿ" ಎಂದಳು ಅಮ್ಮ. ಬಲಗೈಯ ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗಿಟ್ಟು, ಮೊದಲು ನಮ್ಮ ಮಂಕರಿಗೇ ಕೈ ಹಾಕಿದಳು.